ಥಿನ್ನರ್ ಶೆಡ್ಡಿನಲ್ಲಿ ಆಯುಧಪೂಜೆ

ನಿಮ್ಮ ಮನೆಯಲ್ಲಿ ಯಾರಾದರೂ ನಂಜನಗೂಡಿನ ಫ್ಯಾಕ್ಟ್ರಿಗೆ ಕೆಲಸಕ್ಕೆ ಹೋಗುತ್ತಾರಾ? ಹೋಗುವುದಾದರೆ ಸಂಜೆ ಅವರು ಬಿಚ್ಚಿ ಹಾಕಿದ ಅಂಗಿಯನ್ನು ಒಂದು ಸಲ ಮೂಸಿ ನೋಡಿ. ನಾನು ವರ್ಷಗಟ್ಟಲೆ ಮೂಸಿದವಳು. ನಮ್ಮ ಕವಲಂದೆಯ ಮನೆಯಲ್ಲಿ ಆ ಅಂಗಿಯನ್ನು ಬೇರೆ ಬಟ್ಟೆಯ ಜೊತೆ ನೆನೆಹಾಕುವ ಹಾಗಿರಲಿಲ್ಲ. ಒಗೆಯಲು ಕೂತರೆ ಕಣ್ಣು ಉರಿಯುತ್ತಿತ್ತು, ತಲೆ ಸುತ್ತುತ್ತಿತ್ತು. "ಏನ್ರೀ ಇದು, ಸೋಪು ಕರಗಿದ್ರೂ ವಾಸನೆ ಹೋಗಲ್ಲ" ಎಂದರೆ ನಮ್ಮ ಮನೆಯವರು, "ಅನ್ನ ಕೊಡೋ ವಾಸನೆ ಕಣೇ ಅದು, ಸುಮ್ನೆ ಒಗಿ" ಅನ್ನುತ್ತಿದ್ದರು.

ನನ್ನ ಹೆಸರು ರುದ್ರಾಣಿ. ನಮ್ಮ ಮನೆಯವರು ಗಂಗಾಧರಸ್ವಾಮಿ. ಬಣ್ಣಕ್ಕೆ ಬೆರೆಸುವ ಥಿನ್ನರನ್ನು ದೊಡ್ಡ ಡ್ರಮ್ಮುಗಳಿಂದ ಸಣ್ಣ ಡಬ್ಬಗಳಿಗೆ ತುಂಬುವ ಒಂದು ಸಣ್ಣ ಫ್ಯಾಕ್ಟ್ರಿಯಲ್ಲಿ ಅವರು ಸೂಪರ್‌ವೈಸರ್. ಆ ಫ್ಯಾಕ್ಟ್ರಿಯ ಹೆಸರು ಹೇಳುವುದಿಲ್ಲ. ಅಂಥ ಶೆಡ್ಡುಗಳು ಎಲ್ಲ ಊರಿನಲ್ಲೂ ಇವೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ನಮ್ಮ ಮನೆಯವರನ್ನು ನಾನು ಬೇಕಾದಷ್ಟು ಬಯ್ಯುತ್ತೇನೆ. ಅದು ನನ್ನ ಹಕ್ಕು. ನೀವು ಬಯ್ಯಲು ಬಂದರೆ ನಾನು ಸುಮ್ಮನಿರುವವಳಲ್ಲ.

ಇದು ಎರಡು ಸಾವಿರದ ಒಂದನೇ ಇಸವಿಯ ದಸರಾ ಹೊತ್ತಿನಲ್ಲಿ ನಡೆದದ್ದು. ನಮ್ಮದು ಅಯ್ಯನವರ ಮನೆತನ. ಊರಲ್ಲಿ ಮನೆ ಒಕ್ಕಲಿಗೆ, ಬಾವಿ ಪೂಜೆಗೆ, ಗಾಡಿ ಪೂಜೆಗೆ ಕರೆಯುವುದು ನಮ್ಮವರನ್ನೇ. ಹೀಗಾಗಿ ಫ್ಯಾಕ್ಟ್ರಿಯ ಆಯುಧಪೂಜೆಯೂ ಪ್ರತಿ ವರ್ಷ ಅವರದ್ದೇ. ಬೇರೆ ಯಾರು ಮಾಡಿದರೂ ಕೆಲಸಗಾರರು ಒಪ್ಪುತ್ತಿರಲಿಲ್ಲ. ನಮ್ಮವರಿಗೂ ಅದರ ಬಗ್ಗೆ ಒಂದು ಹಮ್ಮು ಇತ್ತು. ವರ್ಷವೆಲ್ಲ ಮಾಲೀಕರ ಕೈಲಿ ಬಯ್ಯಿಸಿಕೊಳ್ಳುವ ಮನುಷ್ಯನ ಮುಂದೆ ಅವತ್ತೊಂದು ದಿನ ಎಲ್ಲರೂ ಕೈಮುಗಿದು ನಿಲ್ಲುತ್ತಿದ್ದರು.

ಪೂಜೆಯ ಹಿಂದಿನ ದಿನ ತಿ. ನರಸೀಪುರದಿಂದ ನನ್ನ ತಂಗಿ ನಯನ ಬಂದಳು. ಬಿ.ಎಸ್ಸಿ. ಓದಿ, ನಂಜನಗೂಡಿನಲ್ಲೇ ಬೇರೊಂದು ಫ್ಯಾಕ್ಟ್ರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ನಾವಿಬ್ಬರೂ ಜಗಲಿಯಲ್ಲಿ ಚೆಂಡು ಹೂ ಕಟ್ಟುತ್ತಾ ಕೂತಿದ್ದಾಗ ನಮ್ಮ ಮನೆಯವರ ಮೊಪೆಡ್ಡು ಬಂದು ನಿಂತಿತು. ಹಿಂದೆ ಬಾಳೆಕಂದು ಹಿಡಿದುಕೊಂಡು ಶಿವಮೂರ್ತಿ ಕೂತಿದ್ದ. ತಗಡೂರಿನವನು, ಶೆಡ್ಡಿನಲ್ಲಿ ಪಂಪು ನೋಡಿಕೊಳ್ಳುವವನು, ನಮ್ಮವರಿಗೆ ಬಲಗೈ. ಬಂದವನೇ ಕಂಬಕ್ಕೆ ಒರಗಿ ಕೂತ.

"ಅಕ್ಕಾರೆ, ನಾಳಿಕ್ಕೆ ಬಂದು ನೋಡಿ ನಮ್ ಸೆಡ್ಡ. ನೆಲದಲ್ ಮಕ ಕಾಣ್ತದೆ. ಬಣ್ಣದ ಕಲೆ ಒಂದೂ ಇಲ್ಲ. ಥಿನ್ನರ್ ಉಯ್ದು ತಿಕ್ಕಿವ್ನಿ. ಇನ್ನ ಪಂಪೊಂದು ಉಳ್ಕಂಡದೆ, ಅದ ಬೆಳಿಗ್ಗೆ ಎದ್ದು ತೊಳೀತೀನಿ."

ನಯನಳ ಕೈಯಲ್ಲಿದ್ದ ದಾರ ನಿಂತಿತು.

"ನೆಲಕ್ಕೆ ಥಿನ್ನರ್ ಹಾಕಿ ತೊಳೆದ್ರಾ? ಭಾವ, ನಾಳೆ ಅಲ್ಲೇ ಕರ್ಪೂರ ಹಚ್ತೀರಾ?"

"ಮತ್ತೆ ಆಯುಧಪೂಜೆ ಅಂದ್ರೆ ಏನು? ಹಚ್ಚದೆ ಇರಕ್ಕಾಯ್ತದಾ?" ಎಂದರು ನಮ್ಮವರು.

"ಎಕ್ಸಾಸ್ಟ್ ಫ್ಯಾನು?"

ಅದಕ್ಕೆ ಶಿವಮೂರ್ತಿ ನಗುತ್ತಾ, "ಫ್ಯಾನ್ ಆಫ್ ಮಾಡ್ಬುಡ್ತೀವಿ ಕಣವ್ವ. ಓಡ್ತಿದ್ರೆ ಗಾಳಿಗೆ ಆರತಿ ಆರೋಯ್ತದೆ. ಪೂಜೆ ನಡುವೆ ಆರತಿ ಆರುದ್ರೆ ವರ್ಸೆಲ್ಲ ಕೆಟ್ಟದ್ದು ಅಂತಾರೆ. ಕಿಟಕೀನೂ ಮುಚ್ತೀವಿ" ಎಂದ.

ಇದನ್ನು ಅವನು ಜಾಣತನದ ಕೆಲಸವೆಂದೇ ಹೇಳಿದ್ದು. ಎಲ್ಲರೂ ಹಾಗೆಯೇ ತಿಳಿದಿದ್ದರು. ರಜೆಯ ದಿನ, ಯಂತ್ರ ಓಡುತ್ತಿಲ್ಲ, ಡ್ರಮ್ಮುಗಳಿಗೆಲ್ಲ ಮುಚ್ಚಳ ಬಿಗಿದಿದೆ, ಇನ್ನೇನು ಅಪಾಯ ಎಂಬ ಲೆಕ್ಕ.

ನಯನ ಹೂವನ್ನು ಪಕ್ಕಕ್ಕೆ ಸರಿಸಿದಳು. "ಕೇಳಿ ಭಾವ. ಊದುಬತ್ತಿ ಹೊಗೆ ಕಣ್ಣಿಗೆ ಕಾಣುತ್ತೆ, ಮೇಲಕ್ಕೆ ಹೋಗುತ್ತೆ. ಥಿನ್ನರಿಂದ ಏಳೋ ಆವಿ ಕಾಣಲ್ಲ, ಕೆಳಗೇ ಇರುತ್ತೆ. ನೀರು ಹರಿದ ಹಾಗೆ ನೆಲದಲ್ಲೇ ಹರಿದು ಮೂಲೆ ಸೇರುತ್ತೆ, ಮೋರಿಗೆ ಇಳಿಯುತ್ತೆ. ನಿಂತಿದ್ದಾಗ ನಿಮಗೆ ವಾಸನೆ ಕಮ್ಮಿ ಅನ್ಸುತ್ತೆ. ಆದರೆ ಆರತಿ ಹಚ್ಚೋಕೆ ಕೆಳಗೆ ಕೂರ್ತೀರಲ್ಲ, ಅದು ಇರೋದು ಅಲ್ಲೇ. ಅದನ್ನ ಹೊರಗೆ ಎಳೆದು ಹಾಕೋಕೆ ಅಂತಾನೇ ಆ ಫ್ಯಾನ್ ಇರೋದು. ಅದನ್ನೂ ನಿಲ್ಲಿಸಿ ಕಿಟಕಿ ಮುಚ್ಚಿದ್ರೆ?"

"ಒಂದು ಬಟಾಣಿಯಷ್ಟು ಕರ್ಪೂರ ಕಣಮ್ಮ."

"ಕಡ್ಡಿ ಗೀರಿದ ಕಿಡಿ ಸಾಕು ಭಾವ. ಕರ್ಪೂರದವರೆಗೂ ಬೇಡ."

"ಎಷ್ಟು ವರ್ಷದಿಂದ ಹಚ್ತಾ ಇದ್ದೀನಿ. ಏನಾಗಿದೆ ಹೇಳು ನೋಡಣ. ದೇವರ ದೀಪ ಮನುಷ್ಯರನ್ನ ಸುಡ್ತದಾ?"

"ಮನೇಲಿ ದೇವರ ದೀಪಕ್ಕೆ ಅಕ್ಕನ ಸೆರಗು ತಾಗಿದ್ರೆ ಸುಡಲ್ವಾ?"

ಮಾತಿಗೆ ಸಿಕ್ಕಿಬಿದ್ದಾಗ ನಮ್ಮವರು ಕಾಫಿ ಕೇಳುತ್ತಾರೆ. ಆವತ್ತೂ ಕೇಳಿದರು.

ನಯನ ಬಿಡಲಿಲ್ಲ. "ಪೂಜೆ ಬೇಡ ಅಂತ ನಾನು ಹೇಳ್ತಿಲ್ಲ. ಮಿಷನ್ನಿಗೆ ವಿಭೂತಿ ಹಚ್ಚಿ, ಹೂ ಇಡಿ. ಬೆಂಕಿ ಮಾತ್ರ ಗೇಟಿನ ಹೊರಗೆ, ಹೊಂಗೆ ಮರದ ಹತ್ತಿರ. ನಮ್ಮ ಫ್ಯಾಕ್ಟ್ರೀಲಿ ಹಂಗೇ ಮಾಡ್ತೀವಿ."

"ಮಿಸನ್ನಿಗೆ ಆರತಿ ಬೆಳಗ್ದೆ ಓದ್ರೆ ಎಂಗವ್ವಾ?" ಎಂದ ಶಿವಮೂರ್ತಿ. "ಅದು ನಂಗೆ ಅನ್ನ ಆಕ್ತದೆ. ನಮ್ ಧನುಶ್ರೀಗೂ ಯೋಳಿವ್ನಿ, ಮುಂದ್ಗಡೆ ಕೂರುಸ್ತೀನಿ ಅಂತ. ಒಸ ಫ್ರಾಕು ತಂದದೆ."

ನಮ್ಮವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ನೋಡಣ ಬಿಡು" ಎಂದರು. ಅವರ "ನೋಡಣ" ಎಂದರೆ ಆಗುವುದಿಲ್ಲ ಎಂದೇ ಅರ್ಥ. ನನಗೆ ಗೊತ್ತಿತ್ತು. ನಯನಳಿಗೂ ಗೊತ್ತಾಯಿತು. ಅದಕ್ಕೇ ಮಾರನೆಯ ದಿನ ನನ್ನ ಜೊತೆ ಅವಳೂ ಹೊರಟಳು.

ನಾವು ಬಸ್ಸಿಳಿದು ಹೋಗುವ ಹೊತ್ತಿಗೆ ಕೆಲಸಗಾರರ ಮನೆಯವರೆಲ್ಲ ಶೆಡ್ಡಿನ ಒಳಗೆ ಸೇರಿದ್ದರು. ಹೆಂಗಸರು ನೈಲೆಕ್ಸ್ ಸೀರೆ, ಮಕ್ಕಳು ಹೊಸ ಬಟ್ಟೆ. ಬಾಗಿಲ ಎರಡೂ ಕಡೆ ಬಾಳೆಕಂದು. ನೋಡಲು ಚೆನ್ನಾಗಿಯೇ ಇತ್ತು. ಒಳಗೆ ಕಾಲಿಟ್ಟರೆ ನಾನು ಒಗೆಯುವ ಅಂಗಿಯ ವಾಸನೆ ನೂರು ಪಟ್ಟು ಜೋರಾಗಿ ಮೂಗಿಗೆ ಹೊಡೆಯಿತು. ಬೆಳಿಗ್ಗೆ ಥಿನ್ನರಿನಲ್ಲಿ ತೊಳೆದ ಪಂಪಿನ ಸುತ್ತ ನೆಲ ಇನ್ನೂ ಒದ್ದೆಯಾಗಿತ್ತು. ಶಿವಮೂರ್ತಿಯ ಹೆಂಡತಿ ಮಹದೇವಮ್ಮ ಮಗಳು ಧನುಶ್ರೀಯನ್ನು ಮುಂದೆ ಕೂರಿಸಿಕೊಂಡು, ಸೆರಗಿನಿಂದ ಮಗುವಿನ ಮೂಗು ಮುಚ್ಚಿದ್ದಳು.

ನಯನ ಸುತ್ತ ನೋಡಿದಳು. ಅವಳು ಏನು ನೋಡುತ್ತಿದ್ದಾಳೆಂದು ನಾನೂ ನೋಡಿದೆ. ಬಾಳೆಕಂದು ನೆಟ್ಟಿದ್ದದ್ದು ಬೆಂಕಿ ಆರಿಸಲು ಇಟ್ಟಿದ್ದ ಮರಳಿನ ಕೆಂಪು ಬಕೆಟ್ಟುಗಳಲ್ಲಿ. ಬೆಂಕಿ ನಂದಿಸುವ ಸಿಲಿಂಡರನ್ನು ಗೋಡೆಯಿಂದ ಇಳಿಸಿ, ಸ್ಪ್ಯಾನರು ಸುತ್ತಿಗೆಗಳ ಸಾಲಿನಲ್ಲಿ ಪಂಪಿನ ಮುಂದೆ ನಿಲ್ಲಿಸಿ, ಅದರ ಕುತ್ತಿಗೆಗೆ ಹಾರ ಸುತ್ತಿದ್ದರು. ಹಿಂದಿನ ಬಾಗಿಲಿಗೆ ಬೀಗ. ಅದರ ಕೀ ಗೊಂಚಲು ಕೂಡ ಕುಂಕುಮ ಹಚ್ಚಿಸಿಕೊಂಡು ಪೂಜೆಯ ತಟ್ಟೆಯಲ್ಲಿ ಕೂತಿತ್ತು. ಆಪತ್ತಿಗೆ ಬೇಕಾದದ್ದನ್ನೆಲ್ಲ ಒಟ್ಟು ಮಾಡಿ, ಬೆಂಕಿ ಹಚ್ಚುವ ಜಾಗದಲ್ಲೇ ತಂದಿಟ್ಟಿದ್ದರು. ಭಕ್ತಿಯಿಂದಲೇ ಇಟ್ಟಿದ್ದರು.

"ಎಲ್ಲಾರೂ ಹೊರಗೆ ಬನ್ನಿ" ಎಂದಳು ನಯನ. "ಮಕ್ಕಳನ್ನ ಮೊದಲು ಕರ್ಕೊಳ್ಳಿ. ಯಾರೂ ಸ್ವಿಚ್ಚು ಮುಟ್ಟಬೇಡಿ, ಸ್ವಿಚ್ಚಲ್ಲೂ ಕಿಡಿ ಬರುತ್ತೆ. ಬಾಗಿಲು ಕಿಟಕಿ ಪೂರಾ ತೆಗೆದು, ಗಾಳಿ ಆಡಿ ವಾಸನೆ ಹೋಗೋವರೆಗೂ ಯಾರೂ ಒಳಗೆ ಬರೋದು ಬೇಡ."

ನಮ್ಮವರ ಮುಖ ಕೆಂಪಾಯಿತು. "ನಯನ, ಎಲ್ಲಾರ ಮುಂದೆ ನನ್ನ ಮರ್ಯಾದೆ ತೆಗೀಬೇಡ."

"ಮರ್ಯಾದೆ ಆಮೇಲೆ ಭಾವ. ನಿಮ್ಮ ಕಾಲು ಹಿಡ್ಕೋತೀನಿ."

ಮಾದಪ್ಪ ಅಂತ ಒಬ್ಬ ಹಳೆಯ ಕೆಲಸಗಾರ, "ಪೂಜೆಗೆ ಅಡ್ಡ ಮಾತಾಡಬಾರದು ಕಣವ್ವ" ಎಂದು ಗೊಣಗಿದ. ನಾನು ಅದಕ್ಕೆ ಕಿವಿಗೊಡಲಿಲ್ಲ. ಧನುಶ್ರೀಯನ್ನು ಎತ್ತಿಕೊಂಡು ಹೊರಟೆ, ಮಹದೇವಮ್ಮ ನನ್ನ ಹಿಂದೆ ಬಂದಳು, ಅವಳ ಹಿಂದೆ ಬೇರೆ ಹೆಂಗಸರು. ಮಕ್ಕಳು ಅಳತೊಡಗಿದ ಮೇಲೆ ಗಂಡಸರೂ ಒಬ್ಬೊಬ್ಬರಾಗಿ ಬಂದರು. ನಾವೆಲ್ಲ ಗೇಟಿನ ಹತ್ತಿರ ಸೇರಿದೆವು.

ಒಳಗೆ ಉಳಿದವರು ಇಬ್ಬರೇ, ನಮ್ಮವರು ಮತ್ತು ಶಿವಮೂರ್ತಿ. "ನೀವು ಹೊರಗಿರಿ, ನಾವಿಬ್ಬರೂ ಬೇಗ ಆರತಿ ಮುಗಿಸಿ ಬತ್ತೀವಿ" ಎಂದರು ನಮ್ಮವರು. ಅಷ್ಟು ಜನರ ಮುಂದೆ ನಾದಿನಿಯ ಮಾತಿಗೆ ಪೂಜೆ ನಿಲ್ಲಿಸಲು ಅವರಿಗೆ ಆಗಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಒಂದು ಹೊತ್ತಿನ ಹಟ, ಅಷ್ಟೇ. ನಯನ ಅವರ ಕಡೆಗೆ ಓಡಿದಳು. ಶಿವಮೂರ್ತಿ ಬಾಗಿಲಲ್ಲಿ ನಿಂತು ಮಗಳಿಗೆ ಕೈ ಬೀಸಿದ.

"ಇರು ಮಗಾ, ಆರತಿ ತಕ್ಕಂಡ್ ಬತ್ತೀನಿ."

ಕಡ್ಡಿ ಗೀರಿದ ಸದ್ದು ನನಗೆ ಕೇಳಲಿಲ್ಲ. ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಾಗ ಬರುತ್ತದಲ್ಲ, ಅಂಥ ಒಂದು ಭುಸ್ ಎಂಬ ಸದ್ದು, ಅಷ್ಟೇ. ನೀಲಿ ಬೆಂಕಿ ನೆಲದ ಮೇಲೆ ಹರಿದುಕೊಂಡು ಬಾಗಿಲ ತನಕ ಬಂದು ನಿಂತಿತು. ನಯನ ಹೊಸಿಲ ಬಳಿ ಹಿಂದಕ್ಕೆ ಬಿದ್ದಳು. ನಮ್ಮವರು ಎರಡೂ ಕೈ ಮುಂದೆ ಚಾಚಿಕೊಂಡು ಹೊರಗೆ ಬಂದರು. ಆ ಕೈಗಳು ಉರಿಯುತ್ತಿದ್ದವು.

ಶಿವಮೂರ್ತಿ ಪಂಪಿನ ಬುಡದಲ್ಲಿ ಬಗ್ಗಿ ವಿಭೂತಿ ಹಚ್ಚುತ್ತಿದ್ದನಂತೆ. ಅವನಿಗೂ ಮುಂದಿನ ಬಾಗಿಲಿಗೂ ನಡುವೆ ಬೆಂಕಿ. ಅವನು ಹಿಂದಿನ ಬಾಗಿಲಿಗೆ ಓಡಿದ. ಅದನ್ನು ಅವನು ಬಡಿಯುತ್ತಿದ್ದದ್ದು ನಮಗೆಲ್ಲ ಕೇಳಿಸುತ್ತಿತ್ತು. ಕೀ ಪೂಜೆಯ ತಟ್ಟೆಯಲ್ಲಿತ್ತು.

ಯಾರೋ ಬಕೆಟ್ಟಿನಿಂದ ನೀರು ಎರಚಿದರು. ಥಿನ್ನರು ನೀರಿನ ಮೇಲೆ ತೇಲುತ್ತದೆ. ಬೆಂಕಿ ನೀರಿನ ಜೊತೆ ಹರಿದು ಇನ್ನಷ್ಟು ಅಗಲವಾಯಿತು. ಒಳಗೆ ಖಾಲಿ ಡ್ರಮ್ಮೊಂದು ಸಿಡಿದು ತಗಡಿನ ಚಾವಣಿ ಹಾರಿತು. ಖಾಲಿ ಡ್ರಮ್ಮಿನ ತುಂಬ ಆವಿ ಇರುತ್ತದೆಂದು, ತುಂಬಿದ ಡ್ರಮ್ಮಿಗಿಂತ ಅದೇ ಹೆಚ್ಚು ಅಪಾಯವೆಂದು ಆಮೇಲೆ ನಯನ ಹೇಳಿದಳು. ಮಾದಪ್ಪ ಮತ್ತು ಇನ್ನಿಬ್ಬರು ಹಾರೆ ತಂದು ಹಿಂದಿನ ಬಾಗಿಲು ಮೀಟಿ ಶಿವಮೂರ್ತಿಯನ್ನು ಹೊರಗೆಳೆದರು. ಹಬ್ಬಕ್ಕೆಂದು ಹೊಲಿಸಿದ್ದ ಪಾಲಿಯೆಸ್ಟರ್ ಅಂಗಿ ಕರಗಿ ಅವನ ಮೈಗೆ ಅಂಟಿಕೊಂಡಿತ್ತು.

ಒಬ್ಬಳು ಬೆಣ್ಣೆ ತರಲು ಓಡಿದಳು, ಇನ್ನೊಬ್ಬರು ಇಂಕು ಹಚ್ಚಿ ಎಂದರು. ನಯನ ಯಾವುದನ್ನೂ ಹಚ್ಚಗೊಡಲಿಲ್ಲ. ನಲ್ಲಿಯ ಕೆಳಗೆ ನಮ್ಮವರ ಕೈ ಹಿಡಿದಳು, ಶಿವಮೂರ್ತಿಯ ಮೈಮೇಲೆ ತಣ್ಣೀರು ಸುರಿಸಿದಳು. ಅಂಟಿದ ಬಟ್ಟೆಯನ್ನು ಕೀಳಬೇಡಿ ಎಂದು ಎಲ್ಲರನ್ನೂ ಗದರಿದಳು. ಫೈರ್ ಎಂಜಿನ್ನು, ಆಂಬುಲೆನ್ಸು ಬರುವ ತನಕ ಅವಳೊಬ್ಬಳೇ ನೆಟ್ಟಗೆ ನಿಂತಿದ್ದವಳು.

ಮೈಸೂರಿನ ಆಸ್ಪತ್ರೆಯಲ್ಲಿ ಇಬ್ಬರ ಮಂಚವೂ ಒಂದೇ ವಾರ್ಡಿನಲ್ಲಿ. ಶಿವಮೂರ್ತಿ ಹೆಚ್ಚು ದಿನ ಉಳಿಯಲಿಲ್ಲ. ಅವನು ಹೋದ ದಿನ ಧನುಶ್ರೀ ವಾರ್ಡಿನ ಹೊರಗೆ ನನ್ನ ತೊಡೆಯ ಮೇಲೆ ಕೂತಿದ್ದಳು. "ಅಪ್ಪ ಆರತಿ ತತ್ತೀನಿ ಅಂತು, ಇನ್ನೂ ತರ್ನೇ ಇಲ್ಲ" ಎಂದಳು. ನಾನು ಅತ್ತುಬಿಟ್ಟೆ. ಮಗುವಿನ ಮುಂದೆ ಅಳಬಾರದು ಅಂತಾರೆ. ನನ್ನ ಕೈಲಿ ಆಗಲಿಲ್ಲ.

ನಮ್ಮವರು ಬದುಕಿ ಮನೆಗೆ ಬಂದರು. ಬೆರಳುಗಳು ಒಂದಕ್ಕೊಂದು ಅಂಟಿ ಮಡಚಿಕೊಂಡಿದ್ದವು. ಅನ್ನ ಕಲಸಿ ನಾನೇ ತಿನ್ನಿಸಬೇಕು, ಅಂಗಿಯ ಗುಂಡಿ ನಾನೇ ಹಾಕಬೇಕು. ಎಷ್ಟೋ ದಿನ ಮನೆಯ ದೇವರ ದೀಪವನ್ನೂ ನೋಡುತ್ತಿರಲಿಲ್ಲ, ಎದ್ದು ಹೊರಗೆ ಹೋಗುತ್ತಿದ್ದರು. ಒಂದು ದಿನ ತಾವಾಗಿಯೇ, "ಆ ಹುಡುಗಿ ಕಾಲು ಹಿಡೀತೀನಿ ಅಂದ್ಲು ಕಣೇ" ಎಂದರು. ಅವತ್ತು ನಾನು ಬಯ್ಯಲಿಲ್ಲ.

ಶೆಡ್ಡನ್ನು ರಿಪೇರಿ ಮಾಡಿ ಫ್ಯಾಕ್ಟ್ರಿ ಮತ್ತೆ ಶುರುವಾಯಿತು. ಮಹದೇವಮ್ಮನಿಗೆ ಅಲ್ಲೇ ಡಬ್ಬಕ್ಕೆ ಚೀಟಿ ಅಂಟಿಸುವ ಕೆಲಸ ಕೊಟ್ಟರು. ನಮ್ಮವರಿಗೆ ಗೇಟಿನ ಪಕ್ಕದ ಆಫೀಸಿನಲ್ಲಿ ಕೂರುವ ಕೆಲಸ. ಮುಂದಿನ ದಸರಾ ಬಂತು. ಕೆಲಸಗಾರರು ಗುಂಪು ಸೇರಿ ಪೂಜೆಯ ಮಾತು ಎತ್ತಿದರು. ನಾನು ಅವತ್ತು ನಮ್ಮವರಿಗೆ ಊಟ ತಿನ್ನಿಸಲು ಹೋಗಿದ್ದೆ, ಹೀಗಾಗಿ ಎಲ್ಲ ನನ್ನ ಕಿವಿಗೇ ಬಿತ್ತು.

"ಈ ಸಲ ಸೆಡ್ಡಲ್ಲೇ ಚೆನ್ನಾಗ್ ಮಾಡಬೇಕು ಸಾ" ಎಂದ ಮಾದಪ್ಪ. "ಓದ್ ವರ್ಸ ಪೂಜೆಗೆ ಅಡ್ಡ ಬಂದ್ರು. ಎದ್ದು ನಡುದ್ರು ಎಲ್ಲಾರೂವೆ. ದೇವ್ರಿಗೆ ಸಿಟ್ಟು ಬಂತು. ಗ್ರಚಾರ."

ಕೆಲವರು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆಗೆಯಬೇಕು, ಅಷ್ಟರಲ್ಲಿ ನಮ್ಮವರು ಎದ್ದು ನಿಂತರು.

"ಮಾದಪ್ಪ, ನಯನ ಅಡ್ಡ ಬಂದಿದ್ದಕ್ಕೆ ನೀನಿವತ್ತು ಇಲ್ಲಿ ನಿಂತು ಮಾತಾಡ್ತಾ ಇದ್ದೀಯ. ಇಲ್ಲಾಂದ್ರೆ ನೀವೆಲ್ಲಾ ಒಳಗಿರ್ತಿದ್ರಿ, ನಿಮ್ಮ ಮಕ್ಕಳು ಮುಂದ್ಗಡೆ ಕೂತಿರ್ತಿದ್ವು. ಬೆಂಕಿ ಹಚ್ಚಿದ್ದು ದೇವರಲ್ಲ, ಗ್ರಹಚಾರ ಅಲ್ಲ. ಇದು." ಮಡಚಿದ ಎರಡೂ ಕೈ ಎತ್ತಿ ತೋರಿಸಿದರು. "ನೆಲಕ್ಕೆ ಥಿನ್ನರ್ ಹಾಕಿ ಅಂದವನು ನಾನು. ಫ್ಯಾನ್ ನಿಲ್ಸು ಅಂತ ಶಿವಮೂರ್ತಿಗೆ ಹೇಳಿದವನು ನಾನು. ಪೂಜೆ ಮಾಡಣ. ಬೆಂಕಿ ಮಾತ್ರ ಗೇಟಿನಿಂದ ಒಳಕ್ಕೆ ಬರೋ ಹಂಗಿಲ್ಲ. ಬೀಡಿ ಕಡ್ಡೀನೂ ಅಷ್ಟೇ."

ಮಾದಪ್ಪ ಜೇಬಿಗೆ ಕೈ ಹಾಕಿ ತನ್ನ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

ಆ ವರ್ಷ ಯಂತ್ರಗಳನ್ನು ಸೋಪು ನೀರಿನಲ್ಲಿ ತೊಳೆದರು. ಪಂಪಿಗೆ ವಿಭೂತಿ, ಒಂದು ಎಳೆ ಹೂ. ಮರಳಿನ ಬಕೆಟ್ಟು, ಸಿಲಿಂಡರು ತಂತಮ್ಮ ಜಾಗದಲ್ಲೇ ಇದ್ದವು, ಹಿಂದಿನ ಬಾಗಿಲು ತೆರೆದೇ ಇತ್ತು. ಎಲ್ಲರೂ ಗೇಟಿನ ಹೊರಗೆ, ರಸ್ತೆಯ ಆ ಬದಿಯ ಹೊಂಗೆ ಮರದ ಕೆಳಗೆ ಸೇರಿದೆವು. ನಯನಳೂ ಬಂದಿದ್ದಳು. ನಮ್ಮವರು ಮಂತ್ರ ಹೇಳಿದರು. ಕರ್ಪೂರ ಹಚ್ಚುವ ಹೊತ್ತಿಗೆ ನಿಂತರು. ಕಡ್ಡಿ ಹಿಡಿಯಲು ಅವರ ಬೆರಳು ಬಾಗುವುದಿಲ್ಲ. ಎರಡು ಕೈ ಸೇರಿಸಿ ಬೆಂಕಿಪೊಟ್ಟಣವನ್ನು ಮಹದೇವಮ್ಮನ ಕಡೆ ಚಾಚಿದರು.

ಹಿಂದೆ ಯಾರೋ ಹೆಂಗಸು, "ಗಂಡ ಇಲ್ದೋಳ ಕೈಲಾ?" ಎಂದು ಪಿಸುಗುಟ್ಟಿದಳು.

"ಅವಳ ಕೈಲೇ" ಎಂದರು ನಮ್ಮವರು.

ಮಹದೇವಮ್ಮ ಪೊಟ್ಟಣ ತೆಗೆದುಕೊಂಡಳು. ಕಡ್ಡಿಯನ್ನೂ ತೆಗೆದಳು. ಗೀರಲಿಲ್ಲ. ಶೆಡ್ಡಿನ ಕಡೆ ನೋಡಿದಳು.

"ಫ್ಯಾನ್ ಓಡ್ತಾ ಅದಾ ಸ್ವಾಮೇರೆ?"

"ಓಡ್ತಾ ಅದೆ ಕಣಮ್ಮ."

"ಒಳೀಕೆ ಯಾರೂ ಇಲ್ವಾ?"

"ಯಾರೂ ಇಲ್ಲ."

"ಒಂದ್ಸಲ ಓಗಿ ನೋಡ್ಕಂಡ್ ಬನ್ನಿ."

ನಮ್ಮವರು ಹೋದರು. ರಸ್ತೆ ದಾಟಿ, ಗೇಟು ದಾಟಿ, ಶೆಡ್ಡಿನ ಬಾಗಿಲ ತನಕ ಹೋಗಿ, ಒಳಗೆ ಬಗ್ಗಿ ನೋಡಿ, ಮೂಸಿ ನೋಡಿ, ತಿರುಗಿ ಬಂದರು. ಅಷ್ಟು ಜನರೂ ಕಾಯುತ್ತಾ ನಿಂತಿದ್ದೆವು. ಮಂಗಳಾರತಿ ತಡವಾಯಿತು ಎಂದು ಯಾರೂ ಅನ್ನಲಿಲ್ಲ. ಅವರು ಬಂದು ತಲೆಯಾಡಿಸಿದ ಮೇಲೆ ಮಹದೇವಮ್ಮ ಕಡ್ಡಿ ಗೀರಿದಳು. ಆರತಿ ತಟ್ಟೆಯನ್ನು ಮೊದಲು ಮಗಳ ಮುಂದೆ ಹಿಡಿದಳು. ಧನುಶ್ರೀ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಹೇಳುತ್ತಿರುವವರ ಸುತ್ತ ಕೂತಿರುವ ತಾಯಂದಿರೇ, ನಿಮ್ಮ ಮನೆಯವರು ಥಿನ್ನರು, ಪೆಟ್ರೋಲು, ಸ್ಪಿರಿಟ್ಟು, ಬಣ್ಣ ಇರುವ ಕಡೆ ದುಡಿಯುತ್ತಿದ್ದರೆ ಇವತ್ತು ಸಂಜೆಯೇ ಅವರನ್ನು ಕೂರಿಸಿಕೊಂಡು ಕೇಳಿ. ಫ್ಯಾನು ಓಡುತ್ತದಾ, ಹಿಂದಿನ ಬಾಗಿಲು ತೆರೆಯುತ್ತದಾ, ಬೆಂಕಿ ನಂದಿಸುವ ಸಿಲಿಂಡರು ಎಲ್ಲಿದೆ, ಅದನ್ನು ಒತ್ತಲು ನಿನಗೆ ಬರುತ್ತದಾ ಎಂದು ಕೇಳಿ. ಕೆಲಸಕ್ಕೆ ಹತ್ತಿಬಟ್ಟೆ ಹಾಕಿ ಕಳಿಸಿ. ಜೇಬಿನಲ್ಲಿ ಬೆಂಕಿಪೊಟ್ಟಣ ಇದ್ದರೆ ಹೊಸಿಲಲ್ಲೇ ತೆಗೆದಿಟ್ಟುಕೊಳ್ಳಿ. ಖಾಲಿ ಡ್ರಮ್ಮು ಎಂದು ಮನೆಗೆ ತಂದರೆ ಒಳಗೆ ಸೇರಿಸಬೇಡಿ, ಕೊಯ್ಯಲು ಬೆಂಕಿ ತಾಗಿಸಬೇಡಿ. ಬೆಂಕಿ ಬಿದ್ದರೆ ಎಲ್ಲರನ್ನೂ ಹೊರಗೆ ಕರೆದು ಫೈರ್ ಎಂಜಿನ್ನಿನವರ ನೂರಾ ಒಂದಕ್ಕೆ ಫೋನು ಮಾಡಿ. ಉರಿಯುವ ಥಿನ್ನರಿಗೆ ನೀರು ಹಾಕಬೇಡಿ, ಸುಟ್ಟ ಮೈಗೆ ತಣ್ಣೀರು ಬಿಟ್ಟು ಬೇರೇನೂ ಹಾಕಬೇಡಿ.

ಅವರು ಸಿಡಿಮಿಡಿಗೊಳ್ಳುತ್ತಾರೆ. "ನಿಂಗೇನು ಗೊತ್ತು, ಸುಮ್ನಿರು" ಅನ್ನುತ್ತಾರೆ. ನಮ್ಮವರೂ ಅಂದಿದ್ದರು. ನೀವು ಸುಮ್ಮನಿರಬೇಡಿ. ಆಯುಧಪೂಜೆ ವರ್ಷಕ್ಕೊಂದು ಸಲ ಬರುತ್ತದೆ, ದೇವರು ಗೇಟಿನ ಹೊರಗೂ ಇರುತ್ತಾನೆ. ಮಹದೇವಮ್ಮ ಕೇಳಿದ ಹಾಗೆ ನೀವೂ ಕೇಳಿ, ಕೇಳಿ ನೋಡಿಕೊಂಡು ಬರುವ ತನಕ ಕಡ್ಡಿ ಗೀರಗೊಡಬೇಡಿ.